ಬಚ್ಚಲಿಗೆ ಹೊಳೆಯೋ ನೆಲ

ತಮ್ಮಾ,

ಬಚ್ಚಲಮನೆಗೆ ಅಂತ ನಾನೂ ಅಪ್ಪನೂ ಅಂಗಡಿಗೆ ಹೋಗಿ ಒರಟು ಮೈಯ ವಿನೈಲ್ ಹಲಗೆ ಆರಿಸಿದ್ವಿ. ಅಪ್ಪ ಅದರ ಮೇಲೆ ನೀರು ಹಾಕಿಸಿ, ಬರಿಗಾಲಲ್ಲಿ ನಿಂತು ನೋಡಿ ಒಪ್ಪಿದ್ರು. ನೀನು ಯಾರನ್ನೂ ಕೇಳದೆ ಹೊಳೆಯೋದನ್ನ ತರಿಸಿ ಹಾಕಿಸಿದೆ. ನೋಡೋಕೆ ಚಂದ ಅಂತೆ. ಬಚ್ಚಲಲ್ಲಿ ನೆಂಟರನ್ನ ಕೂರಿಸ್ತೀಯಾ?

ಬೆಳಿಗ್ಗೆ ಅಪ್ಪ ಅಲ್ಲೇ ಜಾರಿ ಬಿದ್ರು. ಮಣಿಕಟ್ಟು ಊದಿದೆ. ಮಾಡಿದ್ದು ನೀನು, ಉಂಡಿದ್ದು ಅವರು. ನೀನು ಫೋನ್ ಎತ್ತಲಿಲ್ಲ, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ.

ನೆಲ ಹಾಕಿದವನು ಮಧ್ಯಾಹ್ನ ಬರ್ತಾನೆ. ಎದುರಿಗೇ ನಿಂತು ಎಲ್ಲಾ ಕೀಳಿಸು, ನಾವು ಆರಿಸಿದ್ದನ್ನೇ ಹಾಕೋಕೆ ಹೇಳು. ಊಟ ಮುಚ್ಚಿಟ್ಟಿದೀನಿ, ತಿನ್ನು.

"ನಾನೇ ನೋಡ್ಕೊಂಡು ಕಾಲಿಡಬೇಕಿತ್ತು, ಅವನಿಗೇನೂ ಅನ್ನಬೇಡ" ಅಂತಿದಾರೆ ಅಪ್ಪ. ಸಂಜೆ ನಿನ್ನೆದುರಿಗೂ ಇದನ್ನೇ ಹೇಳ್ತಾರೆ. ಆಗ ನೀನು ಹೂಂಗುಟ್ಟಿದರೆ ನೋಡು.

ಅಕ್ಕ