ಕತ್ತರಿಸಿದ ಹನ್ನೊಂದು ಸೆಕೆಂಡು

ಪ್ರಾಂಶುಪಾಲರಿಗೆ,

ನನ್ನ ಗಣಿತದ ಪಾಠಗಳನ್ನೆಲ್ಲ ವಿಡಿಯೊ ಮಾಡಿಸಿ, ಈಗ ಅದರ ಗುಂಡಿ ಒತ್ತುವ ಕೆಲಸಕ್ಕೆ ನನ್ನನ್ನೇ ಹಾಕಿದ್ದೀರಿ. ಇಪ್ಪತ್ತಾರು ವರ್ಷ ಪಾಠ ಮಾಡಿದವನಿಗೆ ಎಂಥ ಬಡ್ತಿ!

ತರಗತಿಯಲ್ಲಿ ಮೂರನೆಯ ಪಾಠದ ವಿಡಿಯೊ ಮಾಡುವಾಗ ನಾನು ಒಂದು ಲೆಕ್ಕದ ಉತ್ತರಕ್ಕೆ ಮೈನಸ್ ಹಾಕಲು ಮರೆತಿದ್ದೆ. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಮೈನಸ್ ಬರ್ಬೇಕಲ್ವಾ?" ಎಂದಳು. "ಹೌದಮ್ಮ, ನನ್ನ ತಲೆ ಎಲ್ಲಿತ್ತೋ" ಎಂದು ತಿದ್ದಿದೆ. ಆ ಹನ್ನೊಂದು ಸೆಕೆಂಡನ್ನು ನಿಮ್ಮ ವಿಡಿಯೊ ಪಂಡಿತರು ಗಲಾಟೆಯೆಂದು ಕತ್ತರಿಸಿ ಬಿಸಾಡಿದರು.

ಪರೀಕ್ಷೆಗೆ ಅದೇ ಲೆಕ್ಕ ಬಂತು. ತಾವು ವಿಡಿಯೊ ನೋಡಿಯೇ ಮಾದರಿ ಉತ್ತರ ಬರೆಸಿದಿರಿ. ವಿಡಿಯೊ ಉರು ಹೊಡೆದವರೆಲ್ಲ ಪಾಸಾದರು. ಮೈನಸ್ ಹಾಕಿದ ಅವಳೊಬ್ಬಳು ಎರಡು ಅಂಕದಲ್ಲಿ ಫೇಲಾದಳು. ನಾನು ಕೇಳಲು ಬಂದರೆ, "ವಿಡಿಯೊದಲ್ಲಿ ಇರೋದೇ ಫೈನಲ್, ಮೇಷ್ಟ್ರೇ" ಎಂದಿರಿ. ಆ ವಿಡಿಯೊದಲ್ಲಿ ಇರುವವನು ನಾನೇ ಎಂಬುದು ತಮಗೆ ಹೊಳೆಯಲೇ ಇಲ್ಲ.

ದಯವಿಟ್ಟು ಅವಳ ಅಂಕ ಅವಳಿಗೆ ಕೊಡಿ. ಗುಂಡಿ ಒತ್ತಲು ಬೇರೆಯವರನ್ನು ಹುಡುಕಿಕೊಳ್ಳಿ. ತಾವೇ ಬಂದರೂ ಆದೀತು, ಅದಕ್ಕೆ ಗಣಿತ ಬರಬೇಕಿಲ್ಲ. ನಾಳೆಯಿಂದ ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತೇನೆ. ಆ ಹುಡುಗಿಗೆ ಮೊದಲ ಬೆಂಚಿಗೆ ಬರಲು ಹೇಳಿದ್ದೇನೆ.

ಇತಿ,
ಇನ್ನೂ ತಪ್ಪು ತಿದ್ದಿಕೊಳ್ಳಬಲ್ಲ
ಗಣಿತದ ಮೇಷ್ಟ್ರು