ಸ್ವಗತ, ಪ್ರಕಾಶ

೧೨ ಜನವರಿ ೧೯೭೯, ಶುಕ್ರವಾರ

ಮತ್ತೆ ಕಲ್ಲುಸಕ್ಕರೆ, ಮತ್ತೆ ಕಾಳುಮೆಣಸು. ಬೆಳಿಗ್ಗೆ ಬಣಕಲ್ ಬಿಟ್ಟು ಮೂಡಿಗೆರೆ, ಅಲ್ಲಿಂದ ಆಲ್ದೂರು. ದಾರಿಯುದ್ದ ಮೈಕಿನಲ್ಲಿ ಕೂಗಿದ್ದು — ಟೆಂಟ್ ಟಾಕೀಸಿನ ಹೊಸ ಚಿತ್ರ, ಜವಳಿ ಅಂಗಡಿಯ ರಿಡಕ್ಷನ್ ಸೇಲ್, ಯಾರದೋ ಕಳೆದುಹೋದ ಕಂದು ಹಸು. ಹಸುವನ್ನೂ ಬಿಡಲಿಲ್ಲ. ಸಿಂಹಾಸನ ಕಳೆದುಕೊಂಡ ದೊರೆಯ ಧಾಟಿಯಲ್ಲೇ ಕೂಗಿದೆ. ಸ್ಟಿಯರಿಂಗ್ ಹಿಡಿದ ಮೊಹಿದ್ದೀನ್ ಬಿದ್ದು ಬಿದ್ದು ನಕ್ಕ.

"ಶಾಂತಣ್ಣ, ಹಸು ಕಳೆದದ್ದು ಮಾರಾಯ, ಸತ್ತದ್ದಲ್ಲ!"

ಜೀಪು ಅವನದು, ಮೈಕ್ ಸೆಟ್ ಅವನದು, ಗಂಟಲು ನನ್ನದು. ಮಕ್ಕಳಿಲ್ಲದ ಶಾಂತವೀರಪ್ಪನಿಗೆ ಗಂಟಲೇ ಗಂಡುಮಗ!

ಆಲ್ದೂರು ಬಸ್‌ಸ್ಟ್ಯಾಂಡ್ ಎದುರು "ಮಹಾಜನಗಳೇ" ಎಂದೆ. "ಮಹಾ" ಬಂತು. "ಜನಗಳೇ" ಬರಲಿಲ್ಲ. ಬರೀ ಗಾಳಿ. ಅಡಿಕೆ ಅಂಗಡಿಯವನೊಬ್ಬ ತಲೆ ಎತ್ತಿ ನೋಡಿದ.

ದೀಪಾವಳಿಯಿಂದ ಹೀಗೇ. ಮಾರ್ಚಿಗೆ ನಾಟಕ ಬೇರೆ. ಎಸ್ಟೇಟಿನ ಕಾಫಿ ಕೊಯ್ಲು ಮುಗಿದ ಮೇಲೆ ಕಣದಲ್ಲೇ ಸ್ಟೇಜು. ನಾನು ರತ್ನಕೇತು ಮಹಾರಾಜ. ವಿಷದ ಹಾಲು ಕುಡಿದು ಕಾಲು ಗಂಟೆ ಸಾಯಬೇಕು, ಪೂರ್ತಿ ದನಿಯಲ್ಲಿ.

ಗಂಗಾ ಬಿಸಿನೀರು ಇಟ್ಟು ನಿಂತಳು. "ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳಲ್ಲ ನೀವು."

"ಗಂಟಲು ಹೋದ ದಿನ ಈ ಶಾಂತವೀರಪ್ಪ ಹಗ್ಗ ಹುಡುಕ್ತಾನೆ ಕಣೇ! ಅಲ್ಲಿ ತನಕ ಡಾಕ್ಟರ್ ಯಾಕೆ?" ಎಂದೆ. ಎದೆ ತಟ್ಟಿಕೊಂಡೇ ಎಂದೆ. ಅವಳು ನಗಲಿಲ್ಲ.

೩೦ ಜನವರಿ

ಮಂಗಳೂರಿಂದ ಬಂದೆವು. ಮೂಡಿಗೆರೆ ಡಾಕ್ಟರೇ ಚೀಟಿ ಕೊಟ್ಟು ಕಳಿಸಿದ್ದು. ಜೊತೆಗೆ ಗಂಗಾಳ ತಮ್ಮ ಮಂಜಯ್ಯ. ಸಂಸೆ ಕಡೆ ಎಸ್ಟೇಟಿನಲ್ಲಿ ರೈಟರ್, ಲೆಕ್ಕದ ಮನುಷ್ಯ. ಮೊನ್ನೆಯೇ ಗಂಟಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ದೊಡ್ಡ ಡಾಕ್ಟರು ಕನ್ನಡಿ ಇಳಿಸಿ ಮತ್ತೊಮ್ಮೆ ನೋಡಿದರು. ನನ್ನನ್ನು ಹೊರಗೆ ಕೂರಿಸಿ ಮಂಜಯ್ಯನನ್ನು ಒಳಗೆ ಕರೆದರು.

ಬಾಗಿಲು ತೆರೆದು ಬಂದವನು ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡ. ಒರೆಸಿದ, ಒರೆಸಿದ.

"ಎಂತದೂ ಇಲ್ಲ ಭಾವ. ಸಣ್ಣ ಗಂಟು. ಮಾತಾಡ್ಬಾರ್ದಂತೆ, ಅಷ್ಟೇ."

ಚಾರ್ಮಾಡಿ ಘಾಟಿ ಹತ್ತುವ ತನಕ ನನಗೆ ಕಿತ್ತಳೆ ಸುಲಿದು ಕೊಡುತ್ತಿದ್ದ. ಜನ್ಮದಲ್ಲಿ ನನಗೊಂದು ಬೀಡಿ ಕೊಡದವನು!

ಮಾತು ಬಂದ್. ಮೊಹಿದ್ದೀನ್ ಮಗಳ ಸ್ಲೇಟು ಇಸಕೊಂಡಾಯಿತು. ಈ ಡೈರಿ ಇದ್ದದ್ದು ಮೈಕ್ ಬುಕಿಂಗ್ ಬರೆಯಲು. ಇನ್ನು ಇದೇ ನನ್ನ ಗ್ಯಾಲರಿ. ಬಾಯಿ ಮುಚ್ಚಿಸಿದರೆ ಕೈ ಕೂಗುತ್ತದೆ, ನೋಡಿಕೊಳ್ಳಲಿ!

೧ ಫೆಬ್ರವರಿ

ಬರೆಯಬಾರದು. ಬರೆಯದೆ ಇರಲಾರೆ.

ಮಧ್ಯಾಹ್ನ. ನಾನು ಜಗಲಿಯಲ್ಲಿ, ಕಣ್ಣು ಮುಚ್ಚಿದ್ದೆ. ಅಡುಗೆಮನೆಯಲ್ಲಿ ಅಕ್ಕ ತಮ್ಮ.

"ಕ್ಯಾನ್ಸರ್ ಅಕ್ಕ. ಧ್ವನಿಪೆಟ್ಟಿಗೆ ತೆಗೆದ್ಬಿಟ್ರೆ ಜೀವ ಉಳೀತದಂತೆ. ಮಾತು ಮಾತ್ರ ಇನ್ನು ಬರಲ್ಲ. ತಡ ಮಾಡ್ಬೇಡಿ ಅಂದ್ರು."

ಒಗ್ಗರಣೆ ಸೀದ ವಾಸನೆ.

"ಹೇಳಿದ್ರೆ ಇವ್ರು ಉಳೀತಾರಾ ಮಂಜ? ಹಗ್ಗ ಅಂದವರು ಇವರು." ಆಮೇಲೆ ಸಣ್ಣಗೆ — "ನಾಟಕ ಒಂದು ಆಗ್ಲಿ. ಹೆಂಗಾದ್ರೂ ಹೇಳ್ತೀನಿ."

ಎದ್ದು ಹೋಗಿ "ಕೇಳಿಸಿತು" ಅನ್ನಬೇಕಿತ್ತು. ಅನ್ನಲಿಲ್ಲ. ಮೈಯಲ್ಲಿ ಏನೋ ಹಳೆಯದು ತಡೆಯಿತು.

ನಾಟಕ ಕಂಪನಿಯಲ್ಲಿ ನಾನು ಬಾಲನಟನಾಗಿದ್ದ ಕಾಲ. ಇದೇ ನಾಟಕ, ನನ್ನದು ರಾಜಕುಮಾರನ ಪಾತ್ರ. ಮಂತ್ರಿ ಪಕ್ಕಕ್ಕೆ ಸರಿದು, ಅಂಗೈ ಬಾಯಿಗೆ ಅಡ್ಡ ಹಿಡಿದು, ಕಟ್ಟಕಡೆಯ ಸಾಲಿಗೂ ಕೇಳುವಂತೆ "ರಾಜನ ಹಾಲಿಗೆ ವಿಷ ಬೆರೆಸಿದ್ದೇನೆ" ಎಂದ. ನಾನು ಬೆಚ್ಚಿ ತಿರುಗಿಬಿಟ್ಟೆ! ಜನ ಹೋ ಎಂದು ನಕ್ಕರು. ಪರದೆ ಬಿದ್ದ ಮೇಲೆ ಮಾಲೀಕರ ಬೆತ್ತ ಬಿತ್ತು.

"ಅದು ಸ್ವಗತ ಕಣೋ! ಗ್ಯಾಲರಿಗೆ ಕೇಳ್ತದೆ, ನಿನಗೆ ಕೇಳಲ್ಲ. ಪ್ರಕಾಶ ಅಂತ ಬರೆದಿದ್ರೆ ಮಾತ್ರ ನಿನಗೆ ಕೇಳೋದು!"

ಅವತ್ತಿನಿಂದ ಸ್ವಗತಕ್ಕೆ ನಾನು ಕಿವುಡ. ಪಕ್ಕದಲ್ಲೇ ನಿಂತು ನನ್ನ ಸಾವು ಸಾರಿದರೂ ಮುಗುಳ್ನಗುತ್ತಾ ನಿಲ್ಲಬಲ್ಲೆ.

ಸಂಜೆ ಸ್ಲೇಟಿನಲ್ಲಿ "ಕಾಫಿ" ಎಂದು ಬರೆದು ತೋರಿಸಿದೆ. ಕೊಟ್ಟಳು. ಕುಡಿದೆ.

೧೧ ಫೆಬ್ರವರಿ

ಅವಳು ಎದುರು ನಿಂತು ಹೇಳಲಿ. ಪ್ರಕಾಶವಾಗಿ. ಹೇಳಿದ ಗಳಿಗೆಯೇ ಹೊರಡುತ್ತೇನೆ. ಕುಯ್ಯಲಿ, ಬಿಸಾಡಲಿ, ಮಂಗಳೂರಿನ ಕಡಲಿಗೆ ಎಸೆಯಲಿ!

ಹೇಳುತ್ತಿಲ್ಲ.

ಬಾಲ್ಯದಲ್ಲಿ ಸೈಡ್‌ವಿಂಗಿನಲ್ಲಿ ಕೂತು ಅದೆಷ್ಟು ದುರಂತ ನಾಟಕ ನೋಡಿದೆ. ಎಲ್ಲದರಲ್ಲೂ ಒಂದೇ ಕಥೆ. ಯಾರೋ ಒಬ್ಬರು ಒಂದು ಮಾತು ಆಡಿದ್ದರೆ ಎರಡನೇ ಅಂಕಕ್ಕೇ ಮುಗಿದು ಎಲ್ಲರೂ ಊಟಕ್ಕೆ ಹೋಗಬಹುದಿತ್ತು. ಸಿಡಿಲು ಗುಡುಗು, ತಗಡಿನ ಶೀಟು ಅಲ್ಲಾಡಿಸುವುದು, ಕೆಂಪು ಲೈಟು — ಎಲ್ಲ ಮೇಲಿನ ಬಣ್ಣ. ಒಳಗೆ ಇರುವುದು ಆಡದ ಒಂದು ಮಾತು.

ಆದರೆ ಅಲ್ಲಿ ನಾಯಕನಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತು. ಮತ್ತೆ ಯಾಕೆ ಕೂತಿದ್ದೇನೆ?

ಹೆದರಿಕೆ. ಬರೆದೆ, ಸಾಕು.

೨೬ ಫೆಬ್ರವರಿ

ಗಂಗಾ ಈಗ ಒಲೆಯ ಜೊತೆ ಮಾತಾಡುತ್ತಾಳೆ. ಮೊದಲು ಇರಲಿಲ್ಲ ಈ ಅಭ್ಯಾಸ. ನಾನು ಬಾಗಿಲ ಹತ್ತಿರ ಬಂದರೆ ಜೋರಾಗುತ್ತದೆ. ಕೊಳವೆ ಊದುತ್ತಾ — "ಈ ವಾರ ಹೋದ್ರೂ ಆಗ್ತಿತ್ತು. ಡಾಕ್ಟ್ರು ತಡ ಮಾಡ್ಬೇಡಿ ಅಂದಿದ್ರು. ಮಾತು ಹೋದ್ರೆ ಹೋಗ್ಲಪ್ಪ, ಸ್ಲೇಟು ಇಲ್ವಾ..."

ಒಲೆ ಉರಿಯುತ್ತಿತ್ತು. ನಾನು ಕಿವುಡನ ಪಾತ್ರ ಮಾಡಿದೆ. ಅದ್ಭುತವಾಗಿ ಮಾಡಿದೆ! ತಟ್ಟೆ ಎತ್ತಿಕೊಂಡು ಜಗಲಿಗೆ ಬಂದೆ. ಹಿಂದೆ ಕೊಳವೆ ನೆಲಕ್ಕೆ ಬಿದ್ದ ಸದ್ದು.

ಮೊಹಿದ್ದೀನ್ ಬಂದಿದ್ದ. ಈಗ ಮೈಕ್ ಅವನೇ ಹಿಡಿಯುತ್ತಾನೆ. "ಶಾಂತಣ್ಣ, ಇವತ್ತು ರಿಡಕ್ಷನ್ ಸೇಲ್ ಅನ್ನೋ ಬದ್ಲು ಶ್ರದ್ಧಾಂಜಲಿ ಅಂದ್ಬಿಟ್ಟೆ. ಸಾಹುಕಾರ ಚಪ್ಪಲಿ ತೆಗೆದ. ಬೇಗ ಹುಷಾರಾಗಿ ಬಾ ಮಾರಾಯ, ನನ್ನ ಜೀವ ಉಳಿಸು." ನಗಿಸಿ, ನಗುತ್ತಲೇ ಎದ್ದು ಹೋಗಿ ಜೀಪಿನಲ್ಲಿ ಬಹಳ ಹೊತ್ತು ಸ್ಟಾರ್ಟ್ ಮಾಡದೆ ಕೂತಿದ್ದ.

ಅವನಿಗೂ ಗೊತ್ತು. ಹೌಸ್‌ಫುಲ್!

೧೮ ಮಾರ್ಚ್, ಭಾನುವಾರ

ನಿನ್ನೆ ನಾಟಕ ಆಯಿತು. ಮೈಯೆಲ್ಲ ನೋವು. ಬಣ್ಣ ಇನ್ನೂ ಕಿವಿಯ ಹಿಂದೆ.

ಸಿಮೆಂಟು ಕಣದ ತುಂಬ ಜನ, ಗೋಣಿತಾಟು ಹಾಸಿಕೊಂಡು. ಇಷ್ಟು ದಿನ ಉಳಿಸಿಟ್ಟ ದನಿಯಲ್ಲಿ ಮೊದಲ ಅಂಕ ಹೇಗೋ ಎಳೆದೆ. ಮೊಹಿದ್ದೀನ್ ಮೈಕನ್ನು ನನ್ನ ಮೂಗಿನ ಮೇಲೆಯೇ ಇಳಿಬಿಟ್ಟಿದ್ದ. ವಾಲ್ಯೂಮ್ ತಿರುಗಿಸುತ್ತಲೇ ಇದ್ದ.

ಹಾಲಿನ ಸೀನು. ವಿಷ ಇದೆ ಎಂದು ರಾಣಿಗೆ ಗೊತ್ತು. ಹೇಳಿದರೆ ಮಂತ್ರಿ ಮಗನನ್ನು ಕೊಲ್ಲುತ್ತಾನೆ. ಲೋಟ ಹಿಡಿದು ಪಕ್ಕಕ್ಕೆ ತಿರುಗಿ ಸ್ವಗತದಲ್ಲಿ ಅಳುತ್ತಾಳೆ. ಹಾಸನದಿಂದ ಕರೆಸಿದ ನಟಿ, ಚೆನ್ನಾಗಿ ಅತ್ತಳು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಂದು ಕೂಗು. ಕೂಲಿ ಲೈನುಮನೆಗಳ ಹುಚ್ಚಮ್ಮಜ್ಜಿ ಎದ್ದು ನಿಂತಿದ್ದಾಳೆ.

"ಹೇಳೇ ತಾಯಿ! ಗಂಡಂಗೆ ಹೇಳ್ಬಿಡೇ! ಬಾಯಾಗೆ ಏನ್ ಇಟ್ಕಂಡಿದ್ದೀಯೆ?"

ಕಣವೇ ನಕ್ಕಿತು. "ಕೂತ್ಕೋ ಅಜ್ಜಿ, ನಾಟ್ಕ ಅದು!" ಎಂದು ಯಾರೋ ಸೆರಗು ಎಳೆದರು. "ಅಯ್ಯೋ ನಾಟ್ಕ ಆದ್ರೇನೋ, ಸಾಯೋದು ಅವ್ನೇ ಅಲ್ವೇನೋ!"

ಹುಚ್ಚಮ್ಮಜ್ಜಿಯ ಪಕ್ಕ ಗಂಗಾ. ಅವಳು ನಗುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನನಗೆ ಎಲ್ಲ ಕೇಳಿಸಿತು, ಎಲ್ಲ ಕಾಣಿಸಿತು. ಆದರೂ ನಾನು ರತ್ನಕೇತು. ಮುಗುಳ್ನಕ್ಕು ಲೋಟ ತೆಗೆದುಕೊಂಡು ಕುಡಿದೆ.

ಬಿದ್ದೆ. "ಎಲೈ ವಿಧಿಯೇ" ಎಂದೆ — ಎನ್ನಲು ಹೋದೆ. ದನಿ ಇಲ್ಲ. ತುಟಿ ಮಾತ್ರ. ಮೈಕಿನಲ್ಲಿ ನನ್ನ ಉಸಿರು, ಮುರುಕು ಹಾರ್ಮೋನಿಯಂ ತಿದಿಯ ಹಾಗೆ, ಕಣದ ತುಂಬ. ಒಂದು ಮಗುವೂ ಅಳಲಿಲ್ಲ. ಇಷ್ಟು ವರ್ಷ ಗುಡುಗಿ ಗುಡುಗಿ ಸತ್ತವನು, ಜನ ಇಷ್ಟು ಸುಮ್ಮನೆ ಕೂತದ್ದು ನೋಡಿರಲಿಲ್ಲ.

ಆಮೇಲೆ ಹಿಂದಿನಿಂದ ಒಬ್ಬ — "ಒನ್ಸ್ ಮೋರ್!" ಎಲ್ಲ ಸೇರಿ — "ಒನ್ಸ್ ಮೋರ್!"

ಪದ್ಧತಿ. ಎದ್ದೆ. ಕೈ ಮುಗಿದೆ. ಮತ್ತೆ ಕುಡಿದು ಮತ್ತೆ ಸತ್ತೆ.

೨೦ ಮಾರ್ಚ್

ಸ್ಲೇಟಿನಲ್ಲಿ ಬರೆದು ಅವಳ ಮುಂದೆ ಹಿಡಿದೆ. "ನನಗೆ ಗೊತ್ತು. ಮಂಜಯ್ಯ ನಿನಗೆ ಹೇಳಿದ ದಿನವೇ ಕೇಳಿಸಿತ್ತು."

ಗಂಗಾ ಓದಿದಳು. ಅಕ್ಷರ ಕೂಡಿಸಿಕೊಂಡು ಓದುವವಳು, ಎರಡು ಸಲ ಓದಿದಳು. ಅಳುತ್ತಾಳೆ ಅಂದುಕೊಂಡಿದ್ದೆ. ಸ್ಲೇಟು ಕಿತ್ತು ಅಂಗಳಕ್ಕೆ ಎಸೆದಳು.

"ಕೇಳಿಸಿತ್ತಾ? ಒಲೆ ಮುಂದೆ ಅಂದಿದ್ದೆಲ್ಲ ಕೇಳಿಸ್ತಿತ್ತಾ?"

ತಲೆ ಆಡಿಸಿದೆ.

"ನಿಮಗೆ ಕೇಳ್ಲಿ ಅಂತ್ಲೇ ಅಲ್ವೇನ್ರೀ ಅಂದಿದ್ದು! ಮುಖ ನೋಡಿ ಹೇಳೋ ಧೈರ್ಯ ನನಗಿಲ್ಲ, ಒಲೆಗೆ ಹೇಳ್ತಿದ್ದೆ. ದಿನಾ ಹೇಳ್ತಿದ್ದೆ. ಇವ್ರಿಗೆ ಕೇಳಿಸ್ತದೆ, ಇವತ್ತು ಎದ್ದು ನಡಿ ಹೋಗಣ ಅಂತಾರೆ, ನಾಳೆ ಅಂತಾರೆ ಅಂತ ಕಾದೆ. ನೀವು ತಟ್ಟೆ ತಗಂಡು ಹೋಗ್ತಿದ್ರಿ!"

ಸ್ವಗತ ಅಂದುಕೊಂಡೆ — ಎಂದು ಯಾವ ಸ್ಲೇಟಿನಲ್ಲಿ ಬರೆಯಲಿ? ತುಂಡಾಗಿ ಬಿದ್ದಿತ್ತು. ಗಾಳಿ ದನಿಯಲ್ಲೇ ಅಂದೆ, "ಮೊದಲನೇ ದಿನವೇ ನೇರ ಹೇಳಬಹುದಿತ್ತಲ್ಲ ಗಂಗಾ."

"ಹಗ್ಗ ಹುಡುಕ್ತೀನಿ ಅಂದವರ್ಯಾರು?"

"ಅದು ಡೈಲಾಗು ಕಣೇ..."

"ನಂಗೆ ಹೆಂಗ್ರೀ ಗೊತ್ತಾಗ್ಬೇಕು? ಮದ್ವೆ ಆದಾಗಿಂದ ನೀವು ಉಪ್ಪು ಕೇಳೋದೂ ಹಂಗೇ, ಪ್ರಾಣ ಬಿಡ್ತೀನಿ ಅನ್ನೋದೂ ಹಂಗೇ. ಯಾವುದು ಡೈಲಾಗು, ಯಾವುದು ಮಾತು, ಒಂದು ದಿನ ಬಿಡಿಸಿ ಹೇಳಿದ್ರಾ?"

ಅಂಗಳಕ್ಕಿಳಿದು ಸ್ಲೇಟಿನ ತುಂಡು ಆಯ್ದೆ. ಇಂಥ ಸೀನು ಯಾವ ನಾಟಕದಲ್ಲೂ ಇಲ್ಲ.

ಮೊಹಿದ್ದೀನ್‌ಗೆ ಹೇಳಿ ಕಳಿಸಿದ್ದಾಳೆ. ಬೆಳಿಗ್ಗೆಯೇ ಜೀಪು.

೨೨ ಮಾರ್ಚ್

ನಿನ್ನೆ ಮಂಗಳೂರಿಗೆ ಹೋದೆವು, ಈ ಸಲ ಗಂಗಾಳೂ ಬಂದಿದ್ದಳು. ಡಾಕ್ಟರಿಗೆ ಕೈ ಅಡ್ಡ ಹಿಡಿದು, ನನ್ನನ್ನೂ ಒಳಗೇ ಕೂರಿಸಿಕೊಂಡಳು. "ಇವ್ರ ಎದುರೇ ಹೇಳಿ ಸ್ವಾಮಿ. ಏನಿದ್ರೂ ಇವ್ರ ಎದುರೇ."

ಕತ್ತು ಒತ್ತಿ ನೋಡಿದರು. ಎಡಗಡೆ ಒತ್ತಿದರು, ಬಲಗಡೆ ಒತ್ತಿದರು. ಕೈ ತೊಳೆದುಕೊಂಡರು.

"ಇಷ್ಟು ದಿನ ಎಲ್ಲಿದ್ರಿ? ಆಗ ಬಂದಿದ್ರೆ ತೆಗೀಬಹುದಿತ್ತು. ಈಗ ಕುತ್ತಿಗೆಗೆಲ್ಲ ಹಬ್ಬಿದೆ. ಕುಯ್ದು ಪ್ರಯೋಜನ ಇಲ್ಲ."

ಎಲ್ಲಿದ್ರಿ? ಮನೆಯಲ್ಲೇ ಇದ್ದೆವು ಸ್ವಾಮಿ. ಒಂದು ಗೋಡೆ ಮಧ್ಯೆ ಇಟ್ಟುಕೊಂಡು ಇಬ್ಬರೂ ನಾಟಕ ಆಡುತ್ತಿದ್ದೆವು.

ಘಾಟಿ ಹತ್ತಿದೆವು. ಕೊಟ್ಟಿಗೆಹಾರ ದಾಟಿದ ಮೇಲೆ ಕಾಫಿ ಹೂವಿನ ವಾಸನೆ. ಹೋದ ವಾರದ ಹೂಮಳೆಗೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ ಅರಳಿತ್ತು. ಮೊಹಿದ್ದೀನ್ ಜೀಪು ನಿಲ್ಲಿಸಿ, ಯಾಕೆಂದು ತಿಳಿಯದೆ, ಹಾರ್ನ್ ಒತ್ತಿದ. ಒತ್ತಿಯೇ ಇಟ್ಟ. ಕೂಗಬೇಕೆನಿಸಿದ್ದು ನನಗೆ. ಕೂಗಿದ್ದು ಜೀಪು.

೩ ಮೇ

ಉಸಿರು ಕಟ್ಟುತ್ತದೆಂದು ಗಂಟಲಲ್ಲಿ ತೂತು ಮಾಡಿದ್ದಾರೆ. ಕೊಳವೆ. ಉಸಿರು ಅಲ್ಲಿಂದ. ಒಲೆ ಊದುವ ಕೊಳವೆ ನೆನಪಾಗುತ್ತದೆ.

ಮಂಜಯ್ಯ ಕಾಲು ಹಿಡಿದುಕೊಂಡ. "ಭಾವ, ನಾನೇ ಅವತ್ತು..." ಸಾಕು ಎಂದು ಕೈಯಾಡಿಸಿದೆ. ಕಿತ್ತಳೆ ತಂದಿದ್ದ. ನುಂಗಲಾಗದು. ಸುಲಿದಿಡಲು ಸನ್ನೆ ಮಾಡಿದೆ, ವಾಸನೆಗೆ.

೯ ಜೂನ್, ಮಧ್ಯಾಹ್ನ

ಅಕ್ಷರ ಇರುವೆ ಸಾಲು.

ಕುಡಿಯದೆ ಇರಬಹುದಿತ್ತು ಆ ಲೋಟ. ಹುಚ್ಚಮ್ಮಜ್ಜಿಯ ಮಾತು ಕೇಳಿ, ಸ್ಟೇಜ್ ಇಳಿದು, ಕಿರೀಟದ ಸಮೇತ ಗಂಗಾಳ ಕೈ ಹಿಡಿದು ಹೋಗಿದ್ದರೆ... ನಾಟಕ ಕೆಡುತ್ತಿತ್ತು. ಕೆಟ್ಟರೆ ಕೆಡಲಿ ಅಂತ ಯಾರೂ ಕಲಿಸಲಿಲ್ಲ ನನಗೆ.

ಒಳಗೆ ಗಂಗಾ. ಒಲೆಯ ಮುಂದೆ. ಅಭ್ಯಾಸ ಹೋಗಿಲ್ಲ.

"ಒಂದ್ಸಲ ಗಂಗಾ ಅಂತ ಕರೆದ್ರೆ ಸಾಕಿತ್ತಪ್ಪ. ಉಪ್ಪಿಲ್ಲ ಅಂತ ಬೈಲಿ ಬೇಕಾದ್ರೆ. ಒಂದೇ ಒಂದ್ಸಲ."

ಕೇಳಿಸಿತು. ಗಂಗಾ, ಕೇಳಿಸಿತು ಕಣೇ. ಬೆತ್ತ ಬೀಳಲಿ, ಜನ ನಗಲಿ, ಈ ಸಲ ತಿರುಗುತ್ತೇನೆ. ಎದ್ದು, ಗೋಡೆ ಹಿಡಿದು, ಅವಳ ಎದುರು ಕೂತು, ಮುಖ ನೋಡಿ, ಬರೀ ತುಟಿಯಲ್ಲಾದರೂ —

(ಪ್ರಕಾಶ)