ಮೂವತ್ತೆಂಟು ಅಡಿ

ಹದಿನಾಲ್ಕನೇ ತಾರೀಖು, ಮಂಗಳವಾರ ಸಂಜೆ

ಅಮ್ಮನಿಗೆ ದೊಡ್ಡವಳ ನಮಸ್ಕಾರ.

ಕೊನೆಗೂ ಹೋಗಿಬಂದೆ. ಇಪ್ಪತ್ತೆರಡು ವರ್ಷದಿಂದ ನೀನು ಕೇಳಿದ್ದು ಒಂದೇ: ತಂಗಿ ಕೊನೆಯದಾಗಿ ನಿಂತ ಜಾಗವನ್ನು ನೋಡಿ ಬಂದು ಹೇಗಿದೆಯೆಂದು ಬರೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಬೇಡ ಅಂತ. ಹಾಗೇ ಬರೆಯಲು ಕೂತಿದ್ದೇನೆ.

ಆ ಗುಡಿಗೆ ಪ್ರವಾಸಿಗಳ ಬಸ್ಸಿನಲ್ಲಿ ಹೋದೆ. ಒಂದು ಕಾಲಕ್ಕೆ ನಾನೂ ತಂಗಿಯೂ ಇದೇ ಗುಡಿಯನ್ನು ಅಳೆದು ನಕ್ಷೆ ತೆಗೆದವರೆಂದು ಯಾರಿಗೂ ಹೇಳಲಿಲ್ಲ. ಗುಡಿ ಹಾಗೇ ಇದೆ. ಸಾವಿರ ವರ್ಷ ನಿಂತದ್ದಕ್ಕೆ ನಮ್ಮ ಇಪ್ಪತ್ತೆರಡು ಯಾವ ಲೆಕ್ಕ? ಬಾವಲಿಯ ವಾಸನೆ ಮಾತ್ರ ಹೆಚ್ಚಾಗಿದೆ. ನಾವು ಬುತ್ತಿ ಬಿಚ್ಚುತ್ತಿದ್ದ ಮೆಟ್ಟಿಲಿಗೆ ಈಗ ಕಬ್ಬಿಣದ ಬೇಲಿ ಹಾಕಿದ್ದಾರೆ.

ಗೈಡು ಭಾರಿ ಮಾತುಗಾರ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ. ಗರ್ಭಗುಡಿಯ ಹಿಂದಿನ ಕತ್ತಲ ಓಣಿಯ ಬಾಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಇದೇ ಇಲ್ಲಿಯ ಪವಾಡ ಅಂದ. ಅಚ್ಚಾದ ನಕ್ಷೆಯಲ್ಲಿ ಓಣಿ ಮೂವತ್ತೆಂಟು ಅಡಿ, ಅಳೆದರೆ ಇಪ್ಪತ್ತೇಳೇ. ಉಳಿದ ಹನ್ನೊಂದು ಅಡಿಯನ್ನು ದೇವರು ಮುಚ್ಚಿಟ್ಟಿದ್ದಾನಂತೆ. ಜನ ಕೈ ಮುಗಿದರು. ಆ ನಕ್ಷೆ ನಮ್ಮದೇ, ಅಮ್ಮ.

ಅಳತೆ ತೋರಿಸಲು ಟೇಪಿನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟ. ತುದಿ ಹಿಡಿದು ಒಳಗೆ ಹೋಗಿ, ಓಣಿಯ ಕೊನೆಯ ಗೋಡೆಯ ಬುಡದಲ್ಲಿ ಕಲ್ಲಿನಡಿ ಸಿಕ್ಕಿಸಿ ವಾಪಸು ಬಂದ. ನಮ್ಮಿಬ್ಬರಲ್ಲಿ ಒಂದು ರೂಢಿಯಿತ್ತು. ಕತ್ತಲಲ್ಲಿ ಕೂಗಿದರೆ ಮಾತೆಲ್ಲ ಕಲಸಿಹೋಗುತ್ತದೆಂದು, ತಂಗಿ ತುದಿಯನ್ನು ಗೋಡೆಗೆ ಒತ್ತಿ ಎರಡು ಸಲ ಜಗ್ಗುತ್ತಿದ್ದಳು, ಬರೆದುಕೋ ಎಂದರ್ಥ. ಗೈಡು ನನ್ನ ಪಕ್ಕದಲ್ಲೇ ಬೆವರೊರೆಸಿಕೊಳ್ಳುತ್ತಿದ್ದ. ಒಳಗೆ ಯಾರೂ ಇರಲಿಲ್ಲ. ಟೇಪು ಎರಡು ಸಲ ಜಗ್ಗಿತು.

ಕಲ್ಲು ಸರಿದಿರಬೇಕು ಎನ್ನುತ್ತೀಯ. ನಾನೂ ಹಾಗೇ ಅಂದುಕೊಂಡೆ. ಆದರೂ ನನ್ನ ಕೈ ಪೆನ್ನು ಹುಡುಕಿತು. ಭಯವಾಯಿತು, ಅಮ್ಮ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಗೋಡೆಯ ಬುಡದಲ್ಲಿ ತಂಗಿ ಬಿದ್ದ ಆ ಹಾಳು ಬಾವಿಗೆ ಈಗ ಚಪ್ಪಡಿ ಮುಚ್ಚಿದ್ದಾರೆ. ನಿನ್ನ ಪರವಾಗಿ ಅದರ ಮೇಲೆ ಕೈಯಿಟ್ಟು ಬಂದೆ. ತಣ್ಣಗಿತ್ತು. ನಾನು ಊಟ ತರಲು ಹೋಗಿದ್ದಾಗ ಅವಳೊಬ್ಬಳೇ ಒಳಗೆ ಹೋಗಿ ಬಿದ್ದಳೆಂದು ಅಂದು ನಿನಗೆ ಹೇಳಿದ್ದೆ. ಚಿಕ್ಕವಳು ಹೇಳಿದ ಮಾತು ಕೇಳುವವಳಲ್ಲ, ದೊಡ್ಡವಳು ಜೊತೆಗಿದ್ದಿದ್ದರೆ ತಡೆಯುತ್ತಿದ್ದಳು ಎಂದು ನೀನು ಬಂದವರಿಗೆಲ್ಲ ಹೇಳಿಕೊಂಡು ಬಂದೆ.

ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ. ಭಾನುವಾರ ಬರುತ್ತೇನೆ, ನೀನು ಬಾ ಎಂದರೆ.

ನಿನ್ನ
ದೊಡ್ಡವಳು

ತಾ.ಕ.: ಅವತ್ತು ನಾನು ಊಟ ತರಲು ಹೋಗಿರಲಿಲ್ಲ. ಟೇಪಿನ ಡಬ್ಬಿ ನನ್ನ ಕೈಯಲ್ಲೇ ಇತ್ತು. ಎಂದೂ ಕೂಗದವಳು ಕೂಗಿದಳು: "ಅಕ್ಕಾ, ಇಲ್ಲಿ ನೆಲ ಕಾಣ್ತಿಲ್ಲ, ಟಾರ್ಚ್ ತಗೊಂಡು ಬಾ." ಎದ್ದು ಹೋಗಲು ನನಗೆ ಸೋಮಾರಿತನ. "ಇನ್ನೊಂದು ಹೆಜ್ಜೆ ಇಡು, ಗೋಡೆ ಸಿಗುತ್ತೆ" ಅಂದೆ. ಟೇಪು ನನ್ನ ಕೈಯಿಂದ ಸರ್ರನೆ ಓಡಿ ಮೂವತ್ತೆಂಟಕ್ಕೆ ನಿಂತಿತು. ನಿಂತ ಅಂಕಿಯನ್ನು ಕೈ ತಾನಾಗಿ ಬರೆದುಬಿಟ್ಟಿತು. ಆಮೇಲೆ ತಿದ್ದಲಿಲ್ಲ, ತಿದ್ದಿದ್ದರೆ ಯಾಕೆಂದು ಕೇಳುತ್ತಿದ್ದರು. ಇನ್ನು ಯಾರ ಮುಂದೆಯೂ ಅವಳು ಹೇಳಿದ ಮಾತು ಕೇಳದವಳು ಅನ್ನಬೇಡ, ಅಮ್ಮ. ಕೇಳಿದಳು.